ಹೊಸ ಪ್ರೋಗ್ರಾಮಿಂಗ್ ಭಾಷೆ: ಬಳಗ ಹುಡುಕಿ, ಮೊದಲ ಪ್ರಶ್ನೆ ಸರಿಯಾಗಿ ಕೇಳಿ

ಹೊಸ ಭಾಷೆ ಕಲಿಯಲು ಕೂತವರು ಒಂದೇ ದಿನ ಹತ್ತು ಗುಂಪು ಸೇರುತ್ತಾರೆ, ಒಂದರಲ್ಲೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟವರೂ ‘ಕೋಡ್ ಓಡ್ತಿಲ್ಲ, ಹೆಲ್ಪ್ ಮಾಡಿ’ ಎಂದಷ್ಟೇ ಬರೆದು ಸ್ಕ್ರೀನ್‌ಶಾಟ್ ಅಂಟಿಸುತ್ತಾರೆ. ಅದಕ್ಕೆ ಉತ್ತರ ಕೊಡಲು ಯಾರಿಂದಲೂ ಆಗುವುದಿಲ್ಲ.

1. ಭಾಷೆಯ ಅಧಿಕೃತ ವೆಬ್‌ಸೈಟಿನಲ್ಲಿ ‘ಕಮ್ಯುನಿಟಿ’ ಪುಟ ತೆರೆಯಿರಿ. ಪೈಥಾನ್, ರಸ್ಟ್, ಜೂಲಿಯಾ ಮೂರಕ್ಕೂ ತಮ್ಮದೇ ಚರ್ಚಾತಾಣಗಳಿವೆ. ರಸ್ಟ್‌ಗೆ ಎರಡಿವೆ: ‘ಯೂಸರ್ಸ್’ ಕಲಿಯುವವರಿಗೆ, ಬಳಸುವವರಿಗೆ, ‘ಇಂಟರ್ನಲ್ಸ್’ ಭಾಷೆಯನ್ನೇ ಕಟ್ಟುವವರಿಗೆ. ಕಲಿಕೆಯ ಪ್ರಶ್ನೆಯನ್ನು ಎರಡನೆಯದರಲ್ಲಿ ಹಾಕಬೇಡಿ.

2. ಒಂದು ಚರ್ಚಾತಾಣ, ಒಂದು ಚಾಟ್, ಎರಡೇ ಸಾಕು. ಡಿಸ್ಕಾರ್ಡ್‌ನಂಥ ಚಾಟ್ ಆ್ಯಪ್‌ನಲ್ಲಿ ಉತ್ತರ ಬೇಗ ಸಿಗಬಹುದು, ಆದರೆ ಅಲ್ಲಿನ ಮಾತು ಸಾಮಾನ್ಯವಾಗಿ ಸರ್ಚ್ ಎಂಜಿನ್‌ಗೆ ಸಿಗದು. ನಾಳೆ ಅದೇ ತೊಡಕು ಬಂದವರಿಗೆ ಅದು ಇದ್ದೂ ಇಲ್ಲದಂತೆ. ಹಾಗಾಗಿ ಗಟ್ಟಿ ಪ್ರಶ್ನೆ ಚರ್ಚಾತಾಣಕ್ಕೇ ಹೋಗಲಿ. ‘ಹತ್ತು ದಿನದಲ್ಲಿ ಎಕ್ಸ್‌ಪರ್ಟ್’ ಎಂದು ಕೋರ್ಸ್ ಮಾರುವ ಟೆಲಿಗ್ರಾಂ ಗುಂಪುಗಳಿಂದ ಇವತ್ತೇ ಹೊರಬನ್ನಿ.

3. ನಿಯಮ ಓದಿ, ಹಳೆಯ ಪ್ರಶ್ನೆಗಳಲ್ಲಿ ಹುಡುಕಿ.

4. ಎಡವುವುದು ಇಲ್ಲಿ: ಕೋಡನ್ನು ಕಿರಿದು ಮಾಡುವುದು. ಇನ್ನೂರು ಸಾಲಿನ ಫೈಲನ್ನು ಯಾರೂ ಓದುವುದಿಲ್ಲ. ಅದರ ನಕಲು ಮಾಡಿಕೊಂಡು ಅರ್ಧ ಅಳಿಸಿ, ಓಡಿಸಿ. ಅದೇ ಎರರ್ ಬಂದರೆ ಉಳಿದದ್ದರಲ್ಲಿ ಮತ್ತೆ ಅರ್ಧ ಅಳಿಸಿ. ಎರರ್ ಮಾಯವಾದರೆ ಕೊನೆಗೆ ಅಳಿಸಿದ್ದನ್ನು ವಾಪಸ್ ತಂದು ಬೇರೆ ಭಾಗ ಅಳಿಸಿ. ಡೇಟಾಬೇಸ್, ಫೈಲ್ ಓದುವ ಭಾಗ ತೆಗೆದು ಆ ಜಾಗದಲ್ಲಿ ಮೂರು ಹೆಸರಿನ ಲಿಸ್ಟ್ ನೇರವಾಗಿ ಬರೆಯಿರಿ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ನಿಮ್ಮ ಕೋಡ್ ತೋರಿಸುವ ಗುಟ್ಟಿನ ಸಂಕೇತ) ಇದ್ದರೆ ಕಡ್ಡಾಯವಾಗಿ ತೆಗೆಯಿರಿ.

ಒಂದು ಉದಾಹರಣೆ. ಪೈಥಾನಿನಲ್ಲಿ ಲೂಪ್ ಓಡುವಾಗ ‘ನನ್‌ಟೈಪ್ ಆಬ್ಜೆಕ್ಟ್ ಈಸ್ ನಾಟ್ ಇಟರಬಲ್’ ('NoneType' object is not iterable) ಎಂದು ಎರರ್ ಬರುತ್ತಿದೆ ಎನ್ನಿ. ಕತ್ತರಿಸುತ್ತಾ ಹೋದರೆ ಕೊನೆಗೆ ನಾಲ್ಕು ಸಾಲು ಉಳಿಯುತ್ತವೆ: ಒಂದು ಲಿಸ್ಟ್, ಅದರ ಮೇಲೆ ಸಾರ್ಟ್ ಕರೆದು ಫಲವನ್ನು ಹೊಸ ವೇರಿಯಬಲ್‌ಗೆ ಹಾಕಿದ ಸಾಲು, ಫಾರ್ ಲೂಪ್, ಪ್ರಿಂಟ್. ಸಾರ್ಟ್ ಇದ್ದ ಲಿಸ್ಟನ್ನೇ ಜೋಡಿಸುತ್ತದೆ, ಹಿಂದಿರುಗಿಸುವುದು ‘ನನ್’ (None), ಅಂದರೆ ‘ಏನೂ ಇಲ್ಲ’. ಅದರ ಮೇಲೆ ಲೂಪ್ ಓಡದು. ಹೊಸ ಲಿಸ್ಟ್ ಬೇಕಿದ್ದರೆ ‘ಸಾರ್ಟೆಡ್’ ಬಳಸಬೇಕು. ಹೀಗೆ ಕಿರಿದು ಮಾಡುವಾಗಲೇ ಎಷ್ಟೋ ಪ್ರಶ್ನೆಗಳು ಕೇಳುವ ಮೊದಲೇ ಬಗೆಹರಿಯುತ್ತವೆ.

5. ಎರರ್ ಸಂದೇಶವನ್ನು ಪೂರ್ತಿ, ಅಕ್ಷರರೂಪದಲ್ಲಿ ಅಂಟಿಸಿ. ಸ್ಕ್ರೀನ್‌ಶಾಟ್‌ನಿಂದ ಕೋಡ್ ಕಾಪಿ ಮಾಡಿ ಓಡಿಸಿ ನೋಡಲು ಬರುವುದಿಲ್ಲ. ಪೈಥಾನಿನಲ್ಲಿ ಎರರ್ ಯಾವುದೆಂದು ಕೊನೆಯ ಸಾಲು ಹೇಳುತ್ತದೆ, ಎಲ್ಲಿ ಎಂಬುದನ್ನು ಮೇಲಿನ ಸಾಲುಗಳು. ರಸ್ಟ್‌ನಲ್ಲಿ ಮೊದಲ ಎರರ್ ಹಿಡಿಯಿರಿ. ಕೆಳಗಿನವು ಎಷ್ಟೋ ಸಲ ಅದರ ಬಾಲಗಳು. ಕೋಡಿನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕದಿದ್ದರೆ ಇಂಡೆಂಟ್ (ಸಾಲಿನ ಆರಂಭದ ಖಾಲಿ ಜಾಗ) ಕೆಡಬಹುದು. ಪೈಥಾನಿನಲ್ಲಿ ಇಂಡೆಂಟ್ ಕೆಟ್ಟರೆ ಕೋಡಿನ ಅರ್ಥವೇ ಕೆಟ್ಟಂತೆ.

6. ಭಾಷೆಯ ವರ್ಷನ್, ಆಪರೇಟಿಂಗ್ ಸಿಸ್ಟಂ, ಏನು ಬರಬೇಕಿತ್ತು, ಏನು ಬಂತು: ನಾಲ್ಕನ್ನೂ ಬರೆಯಿರಿ. ಕೊನೆಗೆ ಏನು ಮಾಡಲು ಹೊರಟಿದ್ದೀರಿ ಎಂಬುದನ್ನೂ ಹೇಳಿ, ಇನ್ನೂ ಸುಲಭದ ದಾರಿ ಯಾರಿಗಾದರೂ ಹೊಳೆದೀತು.

ಎಐ ಬರೆದ ಉತ್ತರವನ್ನು ಬೇರೆಯವರ ಪ್ರಶ್ನೆಗೆ ಅಂಟಿಸಬೇಡಿ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಇದನ್ನು ನಿಷೇಧಿಸಿದೆ.

7. ಒಂದು ದಿನ ಕಾಯಿರಿ. ಬೇರೆಡೆ ಕೇಳಿದರೆ ಎರಡೂ ಕಡೆ ಲಿಂಕ್ ಕೊಡಿ. ಸರಿಹೋದ ಮೇಲೆ ‘ಸಾಲ್ವ್ಡ್’ ಎಂದಷ್ಟೇ ಬರೆದು ಹೋಗದೆ, ಯಾವ ಸಾಲು ಬದಲಿಸಿದಿರಿ ಎಂಬುದನ್ನು ಅಲ್ಲೇ ಹಾಕಿ.