ಪುಣೆಯಲ್ಲಿ ಮನೆ-ಜಾಗದ ತಕರಾರಿಗೆ ವಕೀಲರ ಹತ್ತಿರ ಹೋಗುವ ಮುಂಚೆ

ಮೊದಲ ಭೇಟಿಗೆ ಬರಿಗೈಲಿ ಹೋಗಬೇಡಿ. ಯಾವ ತಾರೀಖಿಗೆ ಏನಾಯಿತು ಅಂತ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಸಾತ್-ಬಾರಾ ಉತಾರಾ (ನಮ್ಮ ಪಹಣಿಯಂಥ ಜಮೀನು ದಾಖಲೆ), ಇಂಡೆಕ್ಸ್ 2 (ನೋಂದಣಿ ಕಚೇರಿ ಕೊಡುವ, ನೋಂದಾದ ಪತ್ರದ ಸಾರಾಂಶ), ಕರಾರುಪತ್ರ ಜೊತೆಗಿರಲಿ. ನೋಟಿಸು ಬಂದಿದ್ದರೆ ಲಕೋಟೆ ಬಿಸಾಡಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಮುಂದೆ ಕೆಲಸಕ್ಕೆ ಬರುತ್ತದೆ. ಸಿವಿಲ್ ದಾವೆಯ ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಉತ್ತರ ಹೋಗಬೇಕು. ಕಾರಣ ಒಪ್ಪಿದರೆ ಕೋರ್ಟು ಸಮನ್ಸ್ ಮುಟ್ಟಿದ ದಿನದಿಂದ 90 ದಿನದವರೆಗೆ ಬಿಡಬಹುದು. ಅದನ್ನೇ ನಂಬಿ ಕೂರಬೇಡಿ, ದಯವಿಟ್ಟು.

ಮೂಲಪತ್ರ ತೋರಿಸಿ, ಜೆರಾಕ್ಸ್ ಕೊಡಿ. ಮರಾಠಿ ಓದಲು ಬರದಿದ್ದರೆ ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ವಕಾಲತ್ತನ್ನು (ನಿಮ್ಮ ಪರ ವಾದಿಸಲು ವಕೀಲರಿಗೆ ಕೊಡುವ ಅಧಿಕಾರಪತ್ರ) ಓದಿಸಿಕೊಳ್ಳದೆ ಸಹಿ ಬೇಡ, ಖಾಲಿ ಹಾಳೆಗಂತೂ ಬೇಡವೇ ಬೇಡ.

ಫೀಸು ಇಡೀ ಕೇಸಿಗಾ, ಪ್ರತಿ ತಾರೀಖಿಗಾ, ಕೋರ್ಟ್ ಫೀ-ಟೈಪಿಂಗ್ ಖರ್ಚು ಬೇರೆಯಾ ಅಂತ ಬಾಯಿಬಿಟ್ಟು ಕೇಳಿ, ರಸೀದಿ ಪಡೆಯಿರಿ. ಗೆದ್ದರೆ ಇಷ್ಟು ಪಾಲು ಕೊಡಿ ಅನ್ನುವುದು ಬಾರ್ ಕೌನ್ಸಿಲ್ (ವಕೀಲರ ಮೇಲ್ವಿಚಾರಣೆಯ ಮಂಡಳಿ) ನಿಯಮಕ್ಕೆ ವಿರುದ್ಧ.