ಕಮ್ಮಿ ಕಾಸಿಗೆ ಹಳೇ ಸ್ನೇರ್: ನಾನು ಹುಡುಕುವ ರೀತಿ

ಒಳ್ಳೆಯ ವಿಂಟೇಜ್ ಸ್ನೇರ್‌ಗಳೆಲ್ಲ (ಅಡಿಯಲ್ಲಿ ತಂತಿಗಳಿರುವ, ಚರಚರ ಸದ್ದಿನ ಡ್ರಮ್) ಸಂಗ್ರಹಕಾರರ ಕಪಾಟು ಸೇರಿಬಿಟ್ಟಿವೆ, ಅಗ್ಗಕ್ಕೆ ಸಿಗುವುದೆಲ್ಲ ಗುಜರಿ ಎಂದು ಜೊತೆಗೆ ನುಡಿಸುವವರು ಹೇಳುತ್ತಲೇ ಇದ್ದರು. ಈಗ ಅವರೇ ರೆಕಾರ್ಡಿಂಗ್ ಇದ್ದಾಗ ನನ್ನ ಆಕ್ರೊಲೈಟ್ (ಲಡ್ವಿಗ್ ಕಂಪನಿಯ ಹಳೇ ಸ್ನೇರ್) ಕೇಳಿಕೊಂಡು ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟ್ಯೂನಿಂಗ್, ಹೆಡ್ (ಡ್ರಮ್ಮಿಗೆ ಬಿಗಿಯುವ ಹೊದಿಕೆ) ಆಯ್ಕೆ ನಿಮಗೆ ಗೊತ್ತಿರುವುದೇ, ಅದರ ತಂಟೆಗೆ ಹೋಗುವುದಿಲ್ಲ.

ಮೊದಲು ದುಡ್ಡಿನ ಮಾತು. ಅದೇ ಮಾಡೆಲ್ ಸುಸ್ಥಿತಿಯಲ್ಲಿದ್ದಾಗ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ನೋಡಿ. ಎಷ್ಟು ಕೇಳುತ್ತಿದ್ದಾರೆ ಎಂಬುದನ್ನಲ್ಲ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಡ್ರಮ್ಮಿನ ಬೆಲೆ, ಸಾಗಣೆ, ಎರಡು ಹೆಡ್, ಒಂದು ಸ್ನೇರ್ ವೈರ್ (ಅಡಿಯ ತಂತಿಗಳ ಪಟ್ಟಿ), ಇಲ್ಲದ ಬಿಡಿಭಾಗಗಳು, ಇಷ್ಟೂ ಸೇರಿ ಆ ಮೊತ್ತದ ಅರವತ್ತು ಪರ್ಸೆಂಟ್ ದಾಟಿದರೆ ನಾನು ಮುಟ್ಟುವುದಿಲ್ಲ. ಹೆಡ್ ಮತ್ತು ವೈರ್ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಅಗ್ಗದ ಡ್ರಮ್ಮಿನಲ್ಲಿ ಅದೇ ಕಾಲು ಭಾಗ ನುಂಗಿಬಿಡುತ್ತದೆ. ಥ್ರೋ-ಆಫ್ (ವೈರನ್ನು ಹೆಡ್ಡಿಗೆ ತಾಗಿಸಿ ಬಿಡಿಸುವ ಲಿವರ್) ಇಲ್ಲದ ಡ್ರಮ್ ಅರ್ಧ ಬೆಲೆಗೆ ಸಿಕ್ಕಿತು ಎಂದು ಹಿಗ್ಗಿದರೆ, ಆ ಕಾಲದ ಅಸಲಿ ಥ್ರೋ-ಆಫ್ ಹುಡುಕುವಷ್ಟರಲ್ಲಿ ಉಳಿದ ಅರ್ಧವೂ ಹೋಗಿರುತ್ತದೆ. ಒಂದು ಲಗ್ (ಹೆಡ್ ಬಿಗಿಯುವ ರಾಡ್ ಕೂರಲು ಡ್ರಮ್ಮಿನ ಮೈಮೇಲಿರುವ ಲೋಹದ ಗೂಡು) ಇಲ್ಲದಿದ್ದರೂ ಅದೇ ಕಥೆ, ಏಕೆಂದರೆ ಮಾರುವವರು ಸಾಮಾನ್ಯವಾಗಿ ಪೂರ್ತಿ ಸೆಟ್ಟನ್ನೇ ಕೊಳ್ಳಿ ಎನ್ನುತ್ತಾರೆ.

ಅಗ್ಗಕ್ಕೆ ಸಿಗುವುದರ ಗುಟ್ಟು ಇಷ್ಟೇ: ಸಂಗ್ರಹಕಾರ ಬ್ಯಾಡ್ಜ್ (ಕಂಪನಿಯ ಹೆಸರಿನ ಬಿಲ್ಲೆ), ಮೂಲ ಬಣ್ಣ, ಮುಟ್ಟದ ಕ್ರೋಮ್ ನೋಡುತ್ತಾನೆ. ನಮಗೆ ಬೇಕಾದ್ದು ಶೆಲ್, ಅಂದರೆ ಡ್ರಮ್ಮಿನ ಮೈ. ಲಡ್ವಿಗ್ ಸುಪ್ರಫೋನಿಕ್ ಎಲ್‌ಎಂ400ಕ್ಕೂ ವಿದ್ಯಾರ್ಥಿಗಳಿಗೆಂದು ಮಾಡಿದ ಆಕ್ರೊಲೈಟಿಗೂ ಶೆಲ್ ಹೆಚ್ಚುಕಮ್ಮಿ ಒಂದೇ: 14ಕ್ಕೆ 5 ಇಂಚು, ಜೋಡಣೆಯ ಗೆರೆಯಿಲ್ಲದ ಅಲ್ಯೂಮಿನಿಯಂ, ನಡುವೆ ಒಂದು ಬೀಡ್ (ಸುತ್ತಲೂ ಉಬ್ಬಿದ ಗೆರೆ). ಮೊದಲನೆಯದಕ್ಕೆ ಹತ್ತು ಇಂಪೀರಿಯಲ್ ಲಗ್ ಮತ್ತು ಕ್ರೋಮ್, ಎರಡನೆಯದಕ್ಕೆ ಎಂಟು ಬೋ-ಟೈ ಲಗ್ ಮತ್ತು ಬೂದು ಬಣ್ಣದ ಆನೊಡೈಸಿಂಗ್ (ವಿದ್ಯುತ್ತಿನಿಂದ ಲೋಹದ ಮೇಲೆ ಬರಿಸುವ ಗಟ್ಟಿ ಪದರ). ಬೆಲೆಯಲ್ಲಿ ಮಾತ್ರ ಒಂದಕ್ಕೆರಡು ವ್ಯತ್ಯಾಸ. ಆಕ್ರೊಲೈಟಿನ ಶೆಲ್ ಮೇಲೆ ಕ್ರೋಮ್ ಇಲ್ಲ, ಹಾಗಾಗಿ ಎದ್ದುಬರುವ ತೊಂದರೆಯೂ ಇಲ್ಲ. ಅಲ್ಯೂಮಿನಿಯಂ ಮೇಲೆ ಕ್ರೋಮ್ ಸರಿಯಾಗಿ ಕೂರುವುದಿಲ್ಲ. ಹಳೇ ಸುಪ್ರಫೋನಿಕ್‌ಗಳಲ್ಲಿ ಬೊಬ್ಬೆ ಎದ್ದು, ಹಕ್ಕಳೆಯಾಗಿ ಉದುರುವುದು ಇದರಿಂದಲೇ. ಹಾಗೆ ಕೆಟ್ಟು ಕಾಣುವ ಸುಪ್ರಫೋನಿಕ್ ಸಿಕ್ಕರೆ ಕಣ್ಣು ಮುಚ್ಚಿ ಚೌಕಾಸಿ ಶುರು ಮಾಡಿ, ಸದ್ದಿಗೆ ಏನೂ ಆಗಿರುವುದಿಲ್ಲ.

ರೋಜರ್ಸ್ ಕಂಪನಿಯ ಡ್ರಮ್ಮುಗಳಲ್ಲಿ ಎಲ್ಲರೂ ಡೈನಾಸೋನಿಕ್ ಮಾಡೆಲ್ ಹಿಂದೆ ಬೀಳುತ್ತಾರೆ. ಅದರ ಸ್ನೇರ್ ಫ್ರೇಮ್ (ವೈರ್ ಹಿಡಿದಿಡುವ ಚೌಕಟ್ಟು) ಬಾಗಿದ್ದರೆ ಅಥವಾ ಕಳೆದಿದ್ದರೆ ಆ ಡ್ರಮ್ ಬರೀ ಖರ್ಚಿನ ಬಾಬತ್ತು. 1960ರ ದಶಕದ ಪವರ್‌ಟೋನ್ ಹುಡುಕಿ: ಕ್ರೋಮ್ ಹೊದಿಸಿದ ಹಿತ್ತಾಳೆ ಶೆಲ್, ಎಂಟು ಲಗ್, ಫ್ರೇಮಿನ ತಾಪತ್ರಯವಿಲ್ಲ. ಸ್ಲಿಂಗರ್‌ಲ್ಯಾಂಡ್ ಕಂಪನಿಯ ಡ್ರಮ್ಮುಗಳಲ್ಲಿ ಹಿತ್ತಾಳೆಯೂ ಇದೆ, ಸ್ಟೀಲೂ ಇದೆ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಅದರ ಜೂಮ್ಯಾಟಿಕ್ ಥ್ರೋ-ಆಫ್ ಇದ್ದರೆ ಬೆಲೆ ಇಳಿಸಲು ಅದೊಂದೇ ಸಾಕು, ಅದರ ಕಾಟ ಎಲ್ಲರಿಗೂ ಗೊತ್ತು. ಜಪಾನಿನ ಎಪ್ಪತ್ತರ ದಶಕದ ಪರ್ಲ್ ಜುಪಿಟರ್, ಟಾಮಾ ಕಿಂಗ್‌ಬೀಟ್ ಗಟ್ಟಿ ಸಾಮಾನುಗಳೇ. ಆದರೆ ಪ್ಯಾರಲಲ್ ಥ್ರೋ-ಆಫ್ (ವೈರಿನ ಎರಡೂ ತುದಿಗಳನ್ನು ಒಟ್ಟಿಗೆ ಏರಿಳಿಸುವುದು) ಇರುವವುಗಳಿಗೆ ಹೆಡ್ಡಿನಾಚೆಗೂ ಚಾಚುವ ಉದ್ದದ ವೈರ್ ಬೇಕು, ಮಾಮೂಲಿ ವೈರ್ ಕೂರುವುದಿಲ್ಲ. ವೈರ್ ಹಾಳಾಗಿರುವ ಅಂಥ ಡ್ರಮ್ ಕೊಳ್ಳುವ ಮೊದಲು ಬದಲಿ ಎಲ್ಲಿ ಸಿಗುತ್ತದೆಂದು ಖಚಿತ ಮಾಡಿಕೊಳ್ಳಿ. ಅರವತ್ತರ ದಶಕದಲ್ಲಿ ನಾನಾ ಹೆಸರಿನಲ್ಲಿ ಬಂದ ತೆಳು ಲವಾನ್ ಮರದ ಜಪಾನೀ ಡ್ರಮ್‌ಗಳು ನೋಡಲು ಚಂದ, ಅಷ್ಟೇ.

ಹುಡುಕುವಾಗ ಬ್ರ್ಯಾಂಡ್ ಹೆಸರು ಹಾಕಿದರೆ ನಿಮ್ಮಂಥ ಸಾವಿರ ಜನ ನೋಡಿದ್ದೇ ನಿಮಗೂ ಕಾಣುತ್ತದೆ. ಏನು ಮಾರುತ್ತಿದ್ದೇನೆಂದು ಗೊತ್ತಿಲ್ಲದವನು ಅದನ್ನು ‘ಹಳೇ ಡ್ರಮ್’, ‘ಸ್ಕೂಲ್ ಡ್ರಮ್’, ‘ಪೆಟ್ಟಿಗೆ ಸಮೇತ’ ಎಂದು ಬರೆದಿರುತ್ತಾನೆ, ಹೆಸರು ಬರೆದರೂ ಕಾಗುಣಿತ ತಪ್ಪಿರುತ್ತದೆ. ತಪ್ಪು ಕಾಗುಣಿತಗಳ ಒಂದು ಪಟ್ಟಿ ನನ್ನ ಬಳಿ ಇದೆ, ಅದನ್ನು ಇಲ್ಲಿ ಹಾಕುವುದಿಲ್ಲ, ನಾನೂ ಇನ್ನೂ ಹುಡುಕುತ್ತಿದ್ದೇನೆ. ಇನ್ನೊಂದು ದಾರಿ ಅರೆಬರೆ ಕಿಟ್ (ಡ್ರಮ್ ಸೆಟ್): ಬಾಸ್ ಡ್ರಮ್ಮಿನ ಹೂಪ್ (ಹೆಡ್ ಹಿಡಿದಿಡುವ ಬಳೆ) ಇಲ್ಲ, ಟಾಮ್ ಡ್ರಮ್ ಒಂದೇ ಇದೆ, ಸ್ನೇರ್ ಮೂಲೆಯಲ್ಲಿ ಬಿದ್ದಿದೆ. ಇಡೀ ಕಿಟ್ ಕೊಂಡು, ಸ್ನೇರ್ ಇಟ್ಟುಕೊಂಡು, ಮಿಕ್ಕ ಲಗ್, ಮೌಂಟ್, ಸ್ಟ್ಯಾಂಡುಗಳನ್ನು ಬಿಡಿಬಿಡಿಯಾಗಿ ಮಾರಿದರೆ ಸ್ನೇರ್ ಹೆಚ್ಚುಕಮ್ಮಿ ಪುಕ್ಕಟೆ. ಸಮಯ ಮಾತ್ರ ತಿನ್ನುತ್ತದೆ.

ಫೋಟೋದಲ್ಲಿ ಬ್ಯಾಡ್ಜ್ ನಂಬಬೇಡಿ, ಬ್ಯಾಡ್ಜ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಲಗ್ ಆಕಾರ, ಲಗ್ ಸಂಖ್ಯೆ, ಬೀಡ್ ನೋಡಿ. ಕಲೆಯ ಬಣ್ಣ ನೋಡಿದರೆ ಲೋಹವೂ ಗೊತ್ತಾಗುತ್ತದೆ: ಕ್ರೋಮ್ ಎದ್ದ ಕಡೆ ಬಿಳಿ ಪುಡಿ ಇದ್ದರೆ ಅಲ್ಯೂಮಿನಿಯಂ, ಕಿತ್ತಳೆ ಕೆಂಪಿದ್ದರೆ ಸ್ಟೀಲ್, ಹಸಿರು ಕಿಲುಬು ಇದ್ದರೆ ಹಿತ್ತಾಳೆ. ಇದಕ್ಕೆ ಸ್ನೇರ್ ಬೆಡ್ (ವೈರ್ ಕೂರಲು ಶೆಲ್ಲಿನ ಕೆಳ ಅಂಚಿನಲ್ಲಿ ಮಾಡಿದ ತಗ್ಗು) ಅಂಚಿನ ಮತ್ತು ಶೆಲ್ ಒಳಮೈಯ ಸಮೀಪದ ಫೋಟೋ ಕೇಳಿ. ಮಾರುವವನ ಮನೆಯಲ್ಲಿ ಫ್ರಿಜ್ ಮ್ಯಾಗ್ನೆಟ್ ಇದ್ದೇ ಇರುತ್ತದೆ, ಅದನ್ನು ಶೆಲ್‌ಗೆ ಹಿಡಿದು ನೋಡಲು ಹೇಳಿ, ಅಂಟಿದರೆ ಸ್ಟೀಲ್. ಹೂಪಿಗೆ ಹಿಡಿದು ‘ಅಂಟಿತು’ ಎಂದರೆ ಅದಕ್ಕೆ ಅರ್ಥವಿಲ್ಲ, ಹೆಚ್ಚಿನ ಹೂಪ್‌ಗಳು ಸ್ಟೀಲೇ. ತೂಕವೂ ಹೇಳುತ್ತದೆ: 5 ಇಂಚಿನ ಅಲ್ಯೂಮಿನಿಯಂ ಡ್ರಮ್ ಪೂರ್ತಿ ಜೋಡಿಸಿದಾಗ ಮೂರು ಮೂರೂವರೆ ಕಿಲೋ, ಹಿತ್ತಾಳೆಯದಾದರೆ ನಾಲ್ಕರ ಆಸುಪಾಸು.

ಸೀರಿಯಲ್ ನಂಬರಿಗೆ ದುಡ್ಡು ಕೊಡಬೇಡಿ. ಲಡ್ವಿಗ್ ನಂಬರುಗಳು ಅನುಕ್ರಮದಲ್ಲಿ ಬಂದಿಲ್ಲ. ‘1966ರದ್ದೇ’ ಎಂದು ಎದೆ ತಟ್ಟುವವನಿಗೂ ಅದು ಅಂದಾಜೇ.

ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಜೇಬಿನಲ್ಲಿ ಮ್ಯಾಗ್ನೆಟ್, ಡ್ರಮ್ ಕೀ, ಅಳತೆ ಟೇಪು, ಹೊಸದೊಂದು ಟೆನ್ಷನ್ ರಾಡ್ (ಹೆಡ್ ಬಿಗಿಯುವ ಉದ್ದ ಸ್ಕ್ರೂ; ಕೀಯಿಂದ ತಿರುಗಿಸುವುದು ಇದನ್ನೇ) ಇರಲಿ. ಅಮೆರಿಕದ ಹೆಚ್ಚಿನ ಡ್ರಮ್‌ಗಳಿಗೆ 12-24 ಅಳತೆಯ ಥ್ರೆಡ್ (ಸ್ಕ್ರೂವಿನ ತಿರುಪು ಗೆರೆ). ಒಂದೊಂದೇ ಹಳೇ ರಾಡ್ ಬಿಚ್ಚಿ, ಆ ಜಾಗದಲ್ಲಿ ಹೊಸದನ್ನು ಕೀ ಇಲ್ಲದೆ ಬರೀ ಬೆರಳಿನಿಂದ ತಿರುಗಿಸಿ. ಐದಾರು ಸುತ್ತು ನುಣ್ಣಗೆ ಇಳಿದರೆ ಲಗ್ ಒಳಗಿನ ಸ್ವಿವೆಲ್ ನಟ್ ಚೆನ್ನಾಗಿದೆ. ಸಡಿಲವಾಗಿ ಅಲ್ಲಾಡಿದರೆ ಥ್ರೆಡ್ ಸವೆದಿದೆ, ಮೊದಲ ಸುತ್ತಿನಲ್ಲೇ ಕಚ್ಚಿಕೊಂಡರೆ ಯಾರೋ ಬೇರೆ ಅಳತೆಯ ರಾಡ್ ತುರುಕಿದ್ದಾರೆ. ಒಂದೆರಡು ನಟ್ ಬದಲಾಯಿಸಬಹುದು. ಆದರೆ ಲಗ್ ಬಿರುಕು ಬಿಟ್ಟಿದ್ದರೆ ಮುಗಿಯಿತು, ಅದು ಸತುವಿನ ಎರಕ, ಬೆಸುಗೆ ನಿಲ್ಲುವುದಿಲ್ಲ. ಹಳೇ ಪ್ರೀಮಿಯರ್‌ನಂಥ ಯುರೋಪಿನ ಡ್ರಮ್‌ಗಳಲ್ಲಿ ಥ್ರೆಡ್ ಬೇರೆ, ಅಲ್ಲಿ ಈ ರಾಡ್ ತಿರುಗಿಸಲು ಹೋಗಲೇಬೇಡಿ.

ಆಮೇಲೆ ಬ್ಯಾಟರ್ ಹೆಡ್ (ಕೋಲು ಬೀಳುವ ಮೇಲಿನ ಹೆಡ್) ಸಡಿಲಿಸಿ ತೆಗೆದು, ಲಗ್ಗಿನಿಂದ ಎದುರು ಲಗ್ಗಿಗೆ ವ್ಯಾಸ ಅಳೆಯಿರಿ. ಲೋಹದ ಶೆಲ್ಲಿನಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಹೆಡ್ ಮತ್ತೆ ಇಟ್ಟಾಗ ತಾನಾಗಿ ಕೆಳಗಿಳಿದು, ಬೆರಳಲ್ಲಿ ತಳ್ಳಿದರೆ ತಿರುಗಬೇಕು. ಒತ್ತಿ ಕೂರಿಸಬೇಕಾದರೆ ಅದು ಎಂದಿಗೂ ಸರಿಯಾಗಿ ಟ್ಯೂನ್ ಆಗುವುದಿಲ್ಲ. 1960ರ ದಶಕದ ಹಲವು ಪ್ರೀಮಿಯರ್ ಶೆಲ್‌ಗಳು ಇಂದಿನ 14 ಇಂಚಿಗಿಂತ ಕೂದಲೆಳೆಯಷ್ಟು ದೊಡ್ಡವು, ಹೊಸ ಹೆಡ್ ಹತ್ತುವುದೇ ಇಲ್ಲ. ಅಗ್ಗಕ್ಕೆ ಬಿಕರಿಯಾಗುವುದು ಸುಮ್ಮನೆ ಅಲ್ಲ. ಮರದ ಶೆಲ್ಲಿನ ಬೇರಿಂಗ್ ಎಡ್ಜ್ (ಹೆಡ್ ಕೂರುವ ಅಂಚು) ಹಾಳಾಗಿದ್ದರೆ ಮತ್ತೆ ಕತ್ತರಿಸಬಹುದು, ಖರ್ಚು ಲೆಕ್ಕಕ್ಕೆ ಸೇರಿಸಿ. ಲೋಹದಲ್ಲಿ ಎಡ್ಜ್ ಎಂದರೆ ಮಡಚಿದ ಅಂಚು. ಅಲ್ಲಿ ಬಿದ್ದ ಪೆಟ್ಟನ್ನು ಕತ್ತರಿಸಿ ತೆಗೆಯಲಾಗದು, ತಟ್ಟಿ ನೇರ ಮಾಡಿದರೂ ಆ ಜಾಗದಲ್ಲಿ ಝೇಂಕಾರ ಉಳಿಯುತ್ತದೆ. ಎರಡೂ ಹೆಡ್ ತೆಗೆದು, ಸ್ನೇರ್ ಬೆಡ್ ಇರುವ ಅಂಚು ಕೆಳಗೆ ಬರುವಂತೆ ಶೆಲ್ಲನ್ನು ಗಾಜಿನ ಮೇಲಿಟ್ಟು ಒಳಗೊಂದು ಟಾರ್ಚ್ ಇಡಿ. ಬೆಳಕು ಸೋರುವುದು ಸ್ನೇರ್ ಬೆಡ್ ಇರುವ ಎರಡು ಕಡೆ ಮಾತ್ರ ಇರಬೇಕು.

ಹೆಚ್ಚುವರಿ ತೂತುಗಳನ್ನು ಕಂಡರೆ ನನಗೆ ಖುಷಿ. ಯಾರೋ ಬೇರೆ ಥ್ರೋ-ಆಫ್ ಹಾಕಲು ಎರಡು ತೂತು ಕೊರೆದಿದ್ದರೆ ಸಂಗ್ರಹಕಾರ ಎದ್ದು ಹೋಗುತ್ತಾನೆ, ಬೆಲೆ ಅರ್ಧಕ್ಕೆ ಇಳಿಯುತ್ತದೆ, ಕೋಲು ಬಿದ್ದಾಗ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ತೂತಿನಿಂದ ತೂತಿಗೆ ಮಧ್ಯದ ಅಂತರ ಅಳೆದು, ಅದಕ್ಕೆ ಹೊಂದುವ ಥ್ರೋ-ಆಫ್ ಇದೆಯೇ ನೋಡಿ. ಮತ್ತೊಂದು ತೂತು ಕೊರೆಯಬೇಡಿ. ಲಡ್ವಿಗ್ ಪಿ-85 ಥ್ರೋ-ಆಫ್ ಮುರಿಯುವುದರಲ್ಲಿ ಪ್ರಸಿದ್ಧ, ಆದರೆ ಅದರ ಬದಲಿ ಸುಲಭಕ್ಕೆ ಸಿಗುತ್ತದೆ. ಹಾಗಾಗಿ ಮುರಿದ ಪಿ-85 ಇರುವ ಆಕ್ರೊಲೈಟ್ ಎಂದರೆ ನನ್ನ ಪಾಲಿಗೆ ಹಬ್ಬ.

ನಡುವೆ ಒಂದಿಷ್ಟು ಪ್ರಯೋಗವೂ ಆಯಿತು. ತುಕ್ಕು ಹಿಡಿದ ಸ್ಟೀಲ್ ಹೂಪನ್ನು ಅಲ್ಯೂಮಿನಿಯಂ ಫಾಯಿಲ್ ಉಂಡೆ ಮತ್ತು ನೀರಿನಿಂದ ಉಜ್ಜಿದರೆ ಒಂದು ಗಂಟೆಯಲ್ಲಿ ಹೊಳೆಯುತ್ತದೆ. ಇದೇ ಕೆಲಸವನ್ನು ಕ್ರೋಮ್ ಎದ್ದ ಸುಪ್ರಫೋನಿಕ್ ಶೆಲ್ ಮೇಲೆ ಮಾಡಿದರೆ ಹಕ್ಕಳೆ ಇನ್ನಷ್ಟು ಕೀಳುತ್ತದೆ. ಅಂಥದ್ದಕ್ಕೆ ಒರೆಸಿ, ಒಣಗಿಸಿ, ಬೆರಳು ಕುಯ್ಯುವ ಅಂಚುಗಳಿಗೆ ಪಾರದರ್ಶಕ ವಾರ್ನಿಷ್ ಹಚ್ಚಿ ಬಿಟ್ಟುಬಿಡುತ್ತೇನೆ. ಲಗ್ ಒಳಗಿನ ಸ್ಪ್ರಿಂಗ್ ಗುಂಯ್‌ಗುಡುವುದಕ್ಕೆ ಫೆಲ್ಟ್ ತುಣುಕು ತುರುಕಿದರೆ ಸಾಕು. ಆಕ್ರೊಲೈಟಿಗೆ ಎರಕದ ಹೂಪ್ ಹಾಕಿ ನೋಡಿದೆ: ರಿಮ್‌ಶಾಟ್ (ಹೂಪಿಗೂ ಹೆಡ್ಡಿಗೂ ಒಟ್ಟಿಗೆ ಬೀಳುವ ಪೆಟ್ಟು) ಬಿಗಿಯಾಯಿತು, ಆ ತೆರೆದ ಸದ್ದು ಹೋಯಿತು, ಹೂಪಿನ ಬೆಲೆ ಡ್ರಮ್ಮಿನ ಬೆಲೆಗೆ ಹತ್ತಿರ ಬಂತು. ಬಿಚ್ಚಿ ಮಾರಿದೆ.

ಚೌಕಾಸಿಯಲ್ಲಿ ‘ಇದು ಹಾಳಾಗಿದೆ’ ಎನ್ನಬೇಡಿ, ಮಾರುವವನಿಗೆ ರೇಗುತ್ತದೆ. ಬೇಕಾದ ಬಿಡಿಭಾಗಗಳ ಬೆಲೆ ಒಂದೊಂದಾಗಿ ಬರೆದು ಕಳಿಸಿ, ಕೊನೆಯಲ್ಲಿ ನಿಮ್ಮ ಮೊತ್ತ ಹೇಳಿ. ಒಪ್ಪದಿದ್ದರೆ ಸುಮ್ಮನಿರಿ. ಕೆಲವು ವಾರಗಳ ಮೇಲೆ ಅದೇ ಡ್ರಮ್ ಅಲ್ಲೇ ಇದ್ದರೆ ಮತ್ತೆ ಅದೇ ಮೊತ್ತ ಹೇಳಿ, ಒಂದು ರೂಪಾಯಿಯೂ ಏರಿಸದೆ. ಆ ಎರಡನೇ ಸಂದೇಶವನ್ನು ಯಾವ ವಾರ ಕಳಿಸಬೇಕು ಎಂಬುದನ್ನು ನಾನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೂರದಿಂದ ತರಿಸುವುದಾದರೆ ಪ್ಯಾಕಿಂಗ್ ಬಗ್ಗೆ ಮೊದಲೇ ಹೇಳಿ: ಹೆಡ್ ಎರಡೂ ಡ್ರಮ್ ಮೇಲೇ ಇರಲಿ, ರಾಡ್‌ಗಳು ಬೆರಳಿನಷ್ಟೇ ಬಿಗಿ ಇರಲಿ, ಥ್ರೋ-ಆಫ್ ಕಡೆಗೆ ದಪ್ಪ ಫೋಮ್ ಇರಲಿ, ಪೆಟ್ಟಿಗೆ ಒಳಗೊಂದು ಹೊರಗೊಂದು. ಬಂದ ಕೂಡಲೇ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಿಕೊಳ್ಳಿ. ಥ್ರೋ-ಆಫ್ ಲಿವರ್ ಮುರಿದು ಬಂದರೆ ದುಡ್ಡು ವಾಪಸ್ ಕೇಳಲು ಅದು ಬೇಕಾಗುತ್ತದೆ.