ಬಿಸಿಲೂರಲ್ಲಿ ಲಿಥಿಯಂ

ರಾಯಚೂರು ಕಡೆ ಮನೋವೈದ್ಯನಾಗಿರುವವನು ಲಿಥಿಯಂ ಮಾತ್ರೆ ಬರೆಯುವಾಗ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಬೈಪೋಲಾರ್ ಕಾಯಿಲೆಯಲ್ಲಿ ಒಮ್ಮೆ ಮಿತಿಮೀರಿದ ಹುರುಪು, ಇನ್ನೊಮ್ಮೆ ಹಾಸಿಗೆ ಬಿಟ್ಟೇಳಲಾಗದಷ್ಟು ಖಿನ್ನತೆ. ಇದು ಮರುಕಳಿಸದಂತೆ ತಡೆಯಲು ಇವತ್ತಿಗೂ ನಾನು ಮೊದಲು ನೆನೆಯುವುದು 1949ರಿಂದ ಬಳಕೆಯಲ್ಲಿರುವ ಈ ಹಳೇ ಮಾತ್ರೆಯನ್ನೇ. ಬೆಲೆಯೂ ಕಡಿಮೆ.

ತೊಂದರೆ ಅಂದ್ರೆ ರಕ್ತದಲ್ಲಿ ಇದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಆಸುಪಾಸಿನಲ್ಲಿರಬೇಕು. 1.5 ದಾಟಿದರೆ ಅಪಾಯ. ಹೊಲದಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೆ, ವಾಂತಿ-ಭೇದಿಯಾದರೆ ಮಟ್ಟ ಏರುತ್ತದೆ. ಬಿಪಿ ಅಂತ ಯಾರೋ ಹೇಳಿದರು, ಉಪ್ಪು ಬಿಟ್ಟುಬಿಟ್ಟರು, ಆಗಲೂ ಏರುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್ ಕೂಡ ಮಟ್ಟ ಏರಿಸುತ್ತದೆ, ನನಗೆ ಎಲ್ಲಕ್ಕಿಂತ ಜಾಸ್ತಿ ತಲೆನೋವು ಅದೇ. ಅದಕ್ಕೇ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ: ‘ನೋವಿಗೆ ಪ್ಯಾರಸಿಟಮಾಲ್ ಮಾತ್ರ.’ ಅದನ್ನು ಮೆಡಿಕಲ್ ಶಾಪಿನವರಿಗೂ ತೋರಿಸಲು ಹೇಳುತ್ತೇನೆ.

ರಕ್ತ ಪರೀಕ್ಷೆಯದು ಇನ್ನೊಂದು ಕಥೆ. ಕೊನೆಯ ಮಾತ್ರೆ ನುಂಗಿ 12 ತಾಸಾದ ಮೇಲೆ ರಕ್ತ ತೆಗೆಯಬೇಕು. ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಅಂತ ಜನ ಶಿಸ್ತಾಗಿ ಬೆಳಗಿನ ಮಾತ್ರೆ ನುಂಗಿಯೇ ಬಸ್ಸು ಹತ್ತುತ್ತಾರೆ! “ಗುಳಿಗಿ ತಗೊಂಡೇ ಬಂದೀನ್ರೀ ಸರ” ಅಂದರೆ ಅವತ್ತಿನ ಪರೀಕ್ಷೆ ಹೋಯಿತು. ಈಗ ನಾನು ಹೇಳುವುದು ಇಷ್ಟೇ: ರಾತ್ರಿ ಒಂಬತ್ತಕ್ಕೆ ತಗೊಳ್ಳಿ, ಬೆಳಗಿನದನ್ನು ಜೇಬಲ್ಲಿಟ್ಟುಕೊಂಡು ಬನ್ನಿ, ಒಂಬತ್ತಕ್ಕೆ ರಕ್ತ ಕೊಟ್ಟ ಮೇಲೆ ನುಂಗಿ. ಥೈರಾಯ್ಡ್, ಕಿಡ್ನಿ ಪರೀಕ್ಷೆ ಆರು ತಿಂಗಳಿಗೊಮ್ಮೆ.

ಕೈ ಸಣ್ಣಗೆ ನಡುಗುವುದು ಸಾಮಾನ್ಯ. ಆದರೆ ಲೋಟ ಹಿಡಿಯಲಾಗದಷ್ಟು ನಡುಕ, ತೊದಲು, ತೂರಾಟ ಬಂದರೆ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಬರಬೇಕು. ಇದು ಬಿಟ್ಟು, ಹುಷಾರಾಯಿತು ಅಂತ ತಾವೇ ನಿಲ್ಲಿಸುವ ಹಾಗಿಲ್ಲ. ಹಾಗೆ ದಿಢೀರ್ ಬಿಟ್ಟರೆ ಕಾಯಿಲೆ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಮಾತ್ರೆಯಷ್ಟೇ ಮುಖ್ಯವಾದದ್ದು ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು. ಹುರುಪು ಏರುವ ಮುಂಚೆ ಹೆಚ್ಚಿನವರಲ್ಲಿ ನಿದ್ದೆ ಇಳಿಯುತ್ತದೆ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಎಷ್ಟು ತಾಸು ಮಲಗಿದರು ಅಂತ ಬರೆದಿಡಲು ಹೆಂಡತಿಗೋ ಅಣ್ಣನಿಗೋ ಹೇಳುತ್ತೇನೆ. ಎರಡು ರಾತ್ರಿ ಸತತವಾಗಿ ನಾಲ್ಕು ತಾಸಿಗಿಂತ ಕಡಿಮೆಯಾದರೆ ಮುಂದಿನ ತಾರೀಕಿಗೆ ಕಾಯದೆ ಕರಕೊಂಡು ಬನ್ನಿ ಅಂತಲೂ.